ಹಿಂದೆ ಏನೂ ಇಲ್ಲವೋ, ಸೆನ್ಸರೇ ಸತ್ತಿದೆಯೋ?

ರಿವರ್ಸ್ ಗೇರ್ ಹಾಕಿದಿರಿ, ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು, ಬೀಪ್ ಸದ್ದು ಬರಲಿಲ್ಲ. ಹಿಂದೆ ಗೋಡೆಯೂ ಇಲ್ಲ, ಕಂಬವೂ ಇಲ್ಲ ಎಂದು ಇದರ ಅರ್ಥವೆ? ಇರಬಹುದು. ಬಂಪರಿನ ಒಳಗೆ ಒಂದು ತಂತಿ ಕಡಿದು ಇಡೀ ವ್ಯವಸ್ಥೆಯೇ ನಿಂತುಹೋಗಿರಲೂಬಹುದು. ಎರಡರಲ್ಲಿ ಯಾವುದಾದರೂ ಚಾಲಕನ ಕಿವಿಗೆ ಬೀಳುವುದು ಮಾತ್ರ ಒಂದೇ, ಮೌನ.

ಕಾರಿನ ಬೇರೆ ಬಹುತೇಕ ವಿದ್ಯುತ್ ಉಪಕರಣಗಳಿಗೆ ಈ ತೊಡಕಿಲ್ಲ. ಹಾರ್ನ್ ಕೆಟ್ಟರೆ ಒತ್ತಿದ ಕೂಡಲೇ ಗೊತ್ತಾಗುತ್ತದೆ. ಹೆಡ್‌ಲೈಟ್ ಹೋದರೆ ರಾತ್ರಿಯ ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಪಾರ್ಕಿಂಗ್ ಸೆನ್ಸರ್ ಮಾತ್ರ ಸತ್ತಾಗಲೂ ಬದುಕಿದ್ದಾಗಲೂ ಬಹುಪಾಲು ಒಂದೇ ರೀತಿ ಇರುತ್ತದೆ. ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಎಲ್ಲ ಕಾರುಗಳಿಗೆ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಅದಕ್ಕೆ ಮೊದಲು ಬೇಕಾದವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋಗಿ ಬಂಪರಿಗೆ ತೂತು ಕೊರೆಸಿ ಹಾಕಿಸಿಕೊಳ್ಳುತ್ತಿದ್ದರು; ಆಗ ಕೊರೆಸಿಕೊಂಡ ಕಾರುಗಳು ಇನ್ನೂ ಸಾಕಷ್ಟು ಓಡಾಡುತ್ತಿವೆ. ದೋಷ ಹುಡುಕುವ ವಿದ್ಯೆಯನ್ನು ಕಲಿಯಲು ಇವೇ ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ. ಕಂಪನಿಯಿಂದ ಬಂದ ವೈರಿಂಗ್ ತನ್ನ ತಪ್ಪನ್ನು ಸ್ಕ್ಯಾನರಿಗೆ ಹೇಳಿಬಿಡುತ್ತದೆ. ಅಂಗಡಿಯಲ್ಲಿ ಜೋಡಿಸಿದ ಕಿಟ್ ಏನನ್ನೂ ಹೇಳುವುದಿಲ್ಲ, ನಾವೇ ಬಾಯಿ ಬಿಡಿಸಬೇಕು.

ಮೊದಲು ಬಂಪರಿನಲ್ಲಿ ಕಾಣುವ ಆ ದುಂಡು ಸೆನ್ಸರ್ ಏನು ಮಾಡುತ್ತದೆ ನೋಡೋಣ. ಬಾವಲಿಯ ಕಥೆಯಿಂದ ಶುರುಮಾಡುವುದು ವಾಡಿಕೆ. ಶಾಲೆಯಲ್ಲೇ ಅದು ಎಲ್ಲರಿಗೂ ಆಗಿರುವುದರಿಂದ ನೇರವಾಗಿ ಹರಳಿಗೆ ಬರುತ್ತೇನೆ. 1880ರಲ್ಲಿ ಪ್ಯಾರಿಸ್‌ನ ಪಿಯರ್ ಮತ್ತು ಝಾಕ್ ಕ್ಯೂರಿ ಸೋದರರು ಕ್ವಾರ್ಟ್ಸ್, ಟೂರ್ಮಲಿನ್ ಮುಂತಾದ ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುದಾವೇಶ ಮೂಡುವುದನ್ನು ಕಂಡರು. ಹಾಗಾದರೆ ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗಬೇಕು ಎಂದು ಮರುವರ್ಷ ಗೇಬ್ರಿಯಲ್ ಲಿಪ್‌ಮನ್ ಲೆಕ್ಕದಿಂದ ಹೇಳಿದರು. ಸೋದರರು ಪ್ರಯೋಗ ಮಾಡಿ ಹೌದೆಂದರು. ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜವಿನ್ ಇದೇ ಗುಣವನ್ನು ಬಳಸಿ, ಜಲಾಂತರ್ಗಾಮಿಗಳನ್ನು ಹುಡುಕಲು ಸಮುದ್ರದೊಳಗೆ ಧ್ವನಿಯನ್ನು ಹಾಯಿಸಿದರು. ನಿಮ್ಮ ಬಂಪರಿನಲ್ಲಿರುವುದು ಅದೇ ತತ್ತ್ವ. ತೆಳುವಾದ ಅಲ್ಯೂಮಿನಿಯಂ ಪೊರೆ, ಅದರ ಒಳಮೈಗೆ ಅಂಟಿಸಿದ, ಇದೇ ಗುಣವುಳ್ಳ ಪೀಜೋ ಸೆರಾಮಿಕ್ ಬಿಲ್ಲೆ. ಸೆನ್ಸರಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಬ್ಯಾಟರಿಯ ವೋಲ್ಟೇಜನ್ನು ನೂರಕ್ಕೂ ಮೇಲೇರಿಸಿ ಆ ಬಿಲ್ಲೆಗೆ ಕೊಡುತ್ತದೆ. ಪೊರೆ ಸೆಕೆಂಡಿಗೆ 40ರಿಂದ 58 ಸಾವಿರ ಸಲದ ವೇಗದಲ್ಲಿ ಕಂಪಿಸುತ್ತದೆ. ಒಂದು ಮಿಲಿಸೆಕೆಂಡ್ ಕೂಡ ಆಗುವಷ್ಟರಲ್ಲಿ ಕೂಗು ಮುಗಿದಿರುತ್ತದೆ. ಆಮೇಲೆ ಅದೇ ಪೊರೆ ಕಿವಿಯಾಗಿ ಕಾಯುತ್ತದೆ.

ಒಂದು ಮೀಟರ್ ದೂರದ ಗೋಡೆಗೆ ಹೋಗಿಬರಲು ಧ್ವನಿ ಎರಡು ಮೀಟರ್ ಕ್ರಮಿಸಬೇಕು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್. ಅಂದರೆ ಮರುದನಿ ಬರಲು 5.8 ಮಿಲಿಸೆಕೆಂಡ್ ಬೇಕು. ಕಲಬುರಗಿಯ ಬೇಸಿಗೆಯಲ್ಲಿ ಧ್ವನಿ ಇನ್ನಷ್ಟು ವೇಗವಾಗಿ ಓಡುತ್ತದೆ, ಲೆಕ್ಕ ಮೂರು ನಾಲ್ಕು ಸೆಂಟಿಮೀಟರ್ ತಪ್ಪಬಹುದು. ಪಾರ್ಕಿಂಗಿಗೆ ಅದೇನೂ ದೊಡ್ಡದಲ್ಲ.

ನಮ್ಮ ಕೆಲಸಕ್ಕೆ ಬರುವುದು ಕೂಗು ನಿಂತ ಮರುಕ್ಷಣ ಆಗುವ ಸಂಗತಿ. ಗಂಟೆಗೆ ಹೊಡೆದು ಕೈ ತೆಗೆದ ಮೇಲೂ ಅದು ಅನುರಣಿಸುತ್ತಲೇ ಇರುತ್ತದಲ್ಲ, ಪೊರೆಯೂ ಹಾಗೆ ಸುಮಾರು ಒಂದು ಮಿಲಿಸೆಕೆಂಡ್ ನಡುಗುತ್ತದೆ. ಅಷ್ಟು ಹೊತ್ತು ಅದಕ್ಕೆ ಹೊರಗಿನ ಮರುದನಿ ಕೇಳಿಸದು. ಇಪ್ಪತ್ತು ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಈ ಸೆನ್ಸರ್‌ಗಳು ಸರಿಯಾಗಿ ಅಳೆಯಲಾರದ್ದು ಈ ಕಾರಣಕ್ಕೆ. ಮೂವತ್ತು ಸೆಂಟಿಮೀಟರ್ ಆಸುಪಾಸಿನಲ್ಲೇ ಬೀಪ್ ಬಿಡದೆ ಕೂಗತೊಡಗುವುದೂ ಇದಕ್ಕೇ: ಇನ್ನು ಮುಂದೆ ನನಗೆ ಕಾಣುವುದಿಲ್ಲ, ನಿಲ್ಲಿಸು ಎಂದು.

ಎಂಜಿನಿಯರುಗಳು ಈ ದೌರ್ಬಲ್ಯವನ್ನೇ ಉಪಯೋಗಕ್ಕೆ ತಿರುಗಿಸಿಕೊಂಡರು. ಎದುರಿಗೆ ಗೋಡೆ ಇರಲಿ ಬಿಡಲಿ, ಆರೋಗ್ಯವಾಗಿರುವ ಪೊರೆ ಪ್ರತಿ ಕೂಗಿನ ನಂತರ ಇಂತಿಷ್ಟು ಹೊತ್ತು ಅನುರಣಿಸಲೇಬೇಕು. ಅನುರಣನವೇ ಇಲ್ಲವೆಂದರೆ ಪೊರೆ ಕಂಪಿಸಿಯೇ ಇಲ್ಲ. ತೀರ ಮೊಟಕಾಗಿದ್ದರೆ ಅಥವಾ ಅತಿ ದೀರ್ಘವಾಗಿದ್ದರೆ ಕೆಸರು ಮೆತ್ತಿದೆ, ಬಣ್ಣ ದಪ್ಪವಾಗಿದೆ, ಸೆರಾಮಿಕ್ ಬಿರುಕು ಬಿಟ್ಟಿದೆ ಎಂದು ಅನುಮಾನಿಸಬಹುದು. ಹೊರಗಿನಿಂದ ಏನೂ ಮರಳಿ ಬಾರದಿದ್ದಾಗಲೂ ಸೆನ್ಸರ್ ಬದುಕಿದೆಯೇ ಎಂದು ಸೆನ್ಸರುಗಳನ್ನು ನಡೆಸುವ ನಿಯಂತ್ರಕ ಪೆಟ್ಟಿಗೆ ತಿಳಿಯುವುದು ಹೀಗೆ. ಕಂಪನಿ ಅಳವಡಿಸಿದ ವ್ಯವಸ್ಥೆಗಳಲ್ಲಿ ರಿವರ್ಸ್ ಹಾಕಿದೊಡನೆ ಮೂರು ನಾಲ್ಕು ಸೆಕೆಂಡ್ ಎಳೆದು ಕೂಗುವ ಬೇರೆಯೇ ಸ್ವರ ಕೇಳಿದರೆ, ಅದು ಹಿಂದೆ ಅಡ್ಡಿ ಇದೆ ಎಂದಲ್ಲ, ವ್ಯವಸ್ಥೆಯಲ್ಲೇ ದೋಷವಿದೆ ಎಂಬ ಸೂಚನೆ. ಬಹಳ ಮಂದಿ ಇದನ್ನು ಕೇಳಿ ಇಳಿದು ಹೋಗಿ ಹಿಂದೆ ಇಣುಕಿ, ಏನೂ ಕಾಣದೆ ಮರಳಿ ಬಂದು ಕೂರುತ್ತಾರೆ.

ಹೀಗೆ ಕೂಗಿದ ಕಾರಿನ ಹಿಂದೆ ನಿಂತು, ಇಗ್ನಿಷನ್ ಆನ್ ಮಾಡಿ ರಿವರ್ಸ್ ಹಾಕಿಸಿ (ಕೈಬ್ರೇಕ್ ಎಳೆದು, ಎಂಜಿನ್ ಆರಿಸಿ), ಒಂದೊಂದೇ ಸೆನ್ಸರಿನ ಹತ್ತಿರ ಕಿವಿ ಒಯ್ಯಿರಿ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಕೇಳಲಾರದು, ನಿಜ. ಆದರೂ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳುತ್ತದೆ. ಕೂಗು ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವಾಗ ಕಿವಿಗೆ ಎಟಕುವ ಆವರ್ತನಗಳೂ ಹುಟ್ಟುತ್ತವೆ. ಬೆರಳ ತುದಿ ಇಟ್ಟರೂ ಆ ಮಿಡಿತ ಸಿಗುತ್ತದೆ. ಮೂರು ಮಿಡಿದು ನಾಲ್ಕನೆಯದು ಸುಮ್ಮನಿದ್ದರೆ ಅರ್ಧ ಕೆಲಸ ಮುಗಿಯಿತು, ಅದೂ ಒಂದು ರೂಪಾಯಿಯ ಉಪಕರಣವಿಲ್ಲದೆ.

ಇಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆ: ಕೆಟ್ಟಿರುವವುಗಳಿಗೆ ಸಮಾನವಾಗಿ ಇರುವುದು ಏನು? ಒಂದೇ ಸತ್ತಿದ್ದರೆ ಆ ಸೆನ್ಸರ್, ಅದರ ಕಪ್ಲರ್ (ತಂತಿಯನ್ನು ಸಿಕ್ಕಿಸುವ ಕೊಂಡಿ), ಅದರ ತಂತಿ ಇಷ್ಟರಲ್ಲೇ ಹುಡುಕಬೇಕು. ನಾಲ್ಕೂ ಸತ್ತಿದ್ದರೆ? ನಾಲ್ಕು ಸೆನ್ಸರ್ ಒಟ್ಟಿಗೆ ಸಾಯುವುದು ಅಪರೂಪ. ಫ್ಯೂಸ್, ರಿವರ್ಸ್ ಸಿಗ್ನಲ್, ಅರ್ಥ್, ನಿಯಂತ್ರಕ ಪೆಟ್ಟಿಗೆ, ಇವುಗಳಲ್ಲಿ ಒಂದು ಅಪರಾಧಿ. ಇದಕ್ಕೊಂದು ಅಪವಾದವೂ ಇದೆ. ನಾಲ್ಕಕ್ಕೂ ವಿದ್ಯುತ್ ಒಂದೇ ತಂತಿಯಿಂದ ಕವಲೊಡೆದು ಹೋಗುವ ಕಡೆ ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಉಳಿದ ಮೂರನ್ನೂ ಎಳೆದುಕೊಂಡು ಮುಳುಗುತ್ತದೆ. ಆಗ ಒಂದೊಂದೇ ಕಪ್ಲರ್ ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ ಮಿಕ್ಕವು ಟಿಕ್ ಎನ್ನತೊಡಗುತ್ತವೋ ಅದೇ ಕಳ್ಳ.

ಸಾಗರ ಪಟ್ಟಣದಲ್ಲಿ ನಾನು ನೋಡಿದ ಒಂದು ಹಳೆಯ ಹ್ಯಾಚ್‌ಬ್ಯಾಕ್‌ನ ಕಥೆ ಇಲ್ಲಿ ಹೇಳಬೇಕು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಕಿಟ್. ಒಮ್ಮೊಮ್ಮೆ ಸರಿಯಾಗಿರುತ್ತದೆ, ಒಮ್ಮೊಮ್ಮೆ ರಿವರ್ಸ್ ಹಾಕಿದರೆ ಬಜರ್ ಕುಕ್ ಎಂದು ನಿಲ್ಲುತ್ತದೆ, ಮತ್ತೆ ಕುಕ್ ಎನ್ನುತ್ತದೆ. ಮಾಲೀಕರು ಆಗಲೇ ಬೇರೊಂದು ಅಂಗಡಿಯಲ್ಲಿ ಸೆನ್ಸರ್ ಬದಲಾಯಿಸಿಕೊಂಡಿದ್ದರು. ಮೀಟರ್ ಹಿಡಿದು ನೋಡಿ, ‘ಕರೆಂಟ್ ಸರಿ ಬರ್ತಿದೆ, ಪೆಟ್ಟಿಗೆಯೇ ಹೋಗಿದೆ’ ಎಂದು ಅಲ್ಲಿ ಹೇಳಿದ್ದರಂತೆ. ಸಾಗರದ ಎಲೆಕ್ಟ್ರಿಷಿಯನ್ ಡಿಕ್ಕಿಯ ಬದಿಯ ಹೊದಿಕೆ ಕಿತ್ತು, ಪೆಟ್ಟಿಗೆಯ ವಿದ್ಯುತ್ ಕಪ್ಲರ್ ಬಿಚ್ಚಿ, ಕೆಂಪು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರು. 12.4 ವೋಲ್ಟ್, ಬ್ಯಾಟರಿಯಲ್ಲಿ ಎಷ್ಟಿತ್ತೋ ಅಷ್ಟೇ. ಆಮೇಲೆ ಅದೇ ಎರಡು ತಂತಿಗೆ ರಿವರ್ಸ್ ಲೈಟಿನ ಒಂದು ಹಳೆಯ 21 ವಾಟ್ ಬಲ್ಬ್ ಸಿಕ್ಕಿಸಿದರು. ಬಲ್ಬ್ ಮಿಣುಕಲೂ ಇಲ್ಲ.

‘ಹನ್ನೆರಡು ತೋರಿಸ್ತದೆ ಸಾರ್, ಲೋಡ್ ಕೊಟ್ರೆ ಕೂತ್ಕೊಳ್ತದೆ’ ಎಂದರು ಅವರು.

ಕಾರಿನ ವಿದ್ಯುತ್ ದೋಷಗಳಲ್ಲಿ ಜನರನ್ನು ದಾರಿತಪ್ಪಿಸುವುದು ಹೆಚ್ಚಾಗಿ ಇದೇ. ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ. ತಂತಿಯ ದಾರಿಯಲ್ಲಿ ಎಲ್ಲೋ ಒಂದು ಕೀಲು ಕಿಲುಬು ಹಿಡಿದು ಅಲ್ಲಿ 50 ಓಮ್ ರೋಧ ಹುಟ್ಟಿದೆ ಎನ್ನಿ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಅದು ಅಳೆಯುವಾಗ ಎಳೆದುಕೊಳ್ಳುವ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟು ಕ್ಷೀಣ ಪ್ರವಾಹಕ್ಕೆ 50 ಓಮ್ ಅಡ್ಡಿಯೇ ಅಲ್ಲ. ಕೀಲಿನಲ್ಲಿ ಕಳೆದುಹೋಗುವ ವೋಲ್ಟೇಜ್ ಮೀಟರಿಗೆ ಕಾಣದಷ್ಟು ಅಲ್ಪ. ಮೀಟರ್ 12.4 ಎಂದದ್ದು ಸತ್ಯವೇ. ಈಗ ಪೆಟ್ಟಿಗೆಯನ್ನು ಜೋಡಿಸಿ. ಅದು 100 ಮಿಲಿಆಂಪಿಯರ್ ಕೇಳಿದರೆ ಓಮನ ನಿಯಮದಂತೆ ಕೀಲಿನಲ್ಲೇ 5 ವೋಲ್ಟ್ ಹೋಗುತ್ತದೆ. ಉಳಿದ ಏಳು ಚಿಲ್ಲರೆ ವೋಲ್ಟ್‌ನಲ್ಲಿ ಇಂಥ ಪೆಟ್ಟಿಗೆಗಳು ಓಡುವುದು ಕಷ್ಟ. ಪೆಟ್ಟಿಗೆ ಎಚ್ಚರಗೊಂಡು ಒಮ್ಮೆ ಕುಕ್ ಎನ್ನುತ್ತದೆ, ಸೆನ್ಸರುಗಳನ್ನು ಕೂಗಿಸಲು ಹೋಗುತ್ತದೆ, ಪ್ರವಾಹ ಏರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಪೆಟ್ಟಿಗೆ ಮೂರ್ಛೆ ಹೋಗುತ್ತದೆ. ಹೊರೆ ತಪ್ಪಿದ್ದರಿಂದ ವೋಲ್ಟೇಜ್ ಮೇಲೇರಿ ಅದು ಮತ್ತೆ ಎಚ್ಚರಗೊಳ್ಳುತ್ತದೆ. ಕುಕ್, ಕುಕ್. ಸೆನ್ಸರ್ ಬದಲಾಯಿಸಿದವರಿಗೆ ಈ ಲಯದ ಅರ್ಥ ಹೊಳೆದಿರಲಿಲ್ಲ.

ಬಲ್ಬ್ ಇನ್ನೂ ಹೊಟ್ಟೆಬಾಕ. 21 ವಾಟ್ ಅಂದರೆ ಪೂರ್ಣ ಉರಿಯಲು ಸುಮಾರು 1.75 ಆಂಪಿಯರ್ ಬೇಕು. 50 ಓಮ್ ಅಡ್ಡ ನಿಂತರೆ ಅದಕ್ಕೆ ಕಾಲು ಆಂಪಿಯರ್ ಸಹ ಸಿಗದು. ಒಂದು ಎಚ್ಚರಿಕೆ: ಈ ಬಲ್ಬ್ ಪರೀಕ್ಷೆ ವಿದ್ಯುತ್ ಪೂರೈಸುವ ದಪ್ಪ ತಂತಿಗಳಿಗೆ ಮಾತ್ರ. ಸಿಗ್ನಲ್ ತಂತಿಗೆ ಹಚ್ಚಿದರೆ ನಿಯಂತ್ರಕ ಸುಟ್ಟೀತು. ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳ ಹತ್ತಿರಕ್ಕಂತೂ ಸುಳಿಯಲೇಬಾರದು.

ಸರಿ, ಅಡ್ಡಿ ಇದೆ. ಕೆಂಪಿನಲ್ಲೋ, ಕಪ್ಪಿನಲ್ಲೋ? ಎಲೆಕ್ಟ್ರಿಷಿಯನ್ ಬಲ್ಬಿನ ಒಂದು ಕಾಲನ್ನು ಕೆಂಪು ತಂತಿಯಲ್ಲೇ ಬಿಟ್ಟು ಇನ್ನೊಂದನ್ನು ಕಪ್ಪಿನಿಂದ ತೆಗೆದು, ಡಿಕ್ಕಿಯ ಬೀಗದ ಬಳಿಯ ಬರಿ ಲೋಹಕ್ಕೆ ಒತ್ತಿದರು. ಬಲ್ಬ್ ಧಗ್ಗನೆ ಹೊತ್ತಿತು. ಕೆಂಪು ನಿರ್ದೋಷಿ. ಕಪ್ಪು ತಂತಿಯನ್ನು ಹಿಂಬಾಲಿಸಿದರೆ ಅದು ಹೋಗಿ ಸೇರಿದ್ದು ಹೊದಿಕೆಯ ಅಡಿಯ ಒಂದು ಸ್ಕ್ರೂಗೆ. ಸ್ಕ್ರೂ ಕೆಳಗೆ ಬಣ್ಣ ಹಾಗೇ ಇತ್ತು. ಕಾರಿನಲ್ಲಿ ಬಾಡಿಯೇ ಬ್ಯಾಟರಿಗೆ ಮರಳುವ ತಂತಿ, ಬಣ್ಣ ಮಾತ್ರ ಅವಾಹಕ. ಕಿಟ್ ಹಾಕಿದವರು ಬಣ್ಣ ಕೆರೆಯದೆ ಸ್ಕ್ರೂ ಬಿಗಿದಿದ್ದರು. ಸ್ಕ್ರೂವಿನ ಎಳೆಗಳು ತಗಡನ್ನು ಕಚ್ಚಿದ ಜಾಗದಲ್ಲಷ್ಟೇ ಸಂಪರ್ಕ, ಅಲ್ಲಿಗೂ ತುಕ್ಕು ಬಂದಿತ್ತು. ಹೊಂಡದಲ್ಲಿ ಕುಲುಕಿದಾಗ, ಡಿಕ್ಕಿ ಧಡಾರನೆ ಮುಚ್ಚಿದಾಗ ಸಂಪರ್ಕ ಹತ್ತುತ್ತಿತ್ತು, ತಪ್ಪುತ್ತಿತ್ತು. ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಇಲ್ಲ ಎಂಬ ದೂರಿನ ಗುಟ್ಟು ಇಷ್ಟೇ.

ಬಲ್ಬ್ ಇಲ್ಲದೆಯೂ ಇದನ್ನು ಹಿಡಿಯಬಹುದಿತ್ತು. ಪೆಟ್ಟಿಗೆಯನ್ನು ಜೋಡಿಸಿಟ್ಟೇ, ಅದು ಕೆಲಸ ಮಾಡಲು ಹೆಣಗುತ್ತಿರುವಾಗಲೇ, ಮೀಟರಿನ ಒಂದು ಕಡ್ಡಿಯನ್ನು ಪೆಟ್ಟಿಗೆಯ ಕಪ್ಪು ತಂತಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಹಿಡಿಯಬೇಕು. ಎರಡೂ ಅರ್ಥ್, ನಡುವೆ ಏನೂ ಇರಬಾರದು. ವೋಲ್ಟ್‌ಗಳಲ್ಲಿ ಏನಾದರೂ ತೋರಿಸಿದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತಿದೆ. ನನ್ನ ಪ್ರಕಾರ ಕಾರಿನ ವೈರಿಂಗಿನಲ್ಲಿ ಮೀಟರಿನ ಅತ್ಯಂತ ಚಂದದ ಉಪಯೋಗ ಇದು. ಆದರೂ ಮೀಟರ್ ಕೊಂಡವರು ಮೊದಲು ತಿರುಗಿಸುವುದು ಓಮ್ ಕಡೆಗೆ, ಅದೂ ವಿದ್ಯುತ್ ಆರಿಸಿ. ಪ್ರವಾಹವಿಲ್ಲದ ಹೊತ್ತಿನಲ್ಲಿ ಕೀಲು ಎಷ್ಟು ಸಭ್ಯವಾಗಿ ನಡೆದುಕೊಂಡರೂ ನಂಬುವಂತಿಲ್ಲ.

ಇನ್ನು ಮೂರನೆಯ ತಂತಿ. ಕಂಪನಿ ಅಳವಡಿಸಿದ ಸೆನ್ಸರಿಗೆ ಸಾಮಾನ್ಯವಾಗಿ ಮೂರು ಪಿನ್: ವಿದ್ಯುತ್, ಅರ್ಥ್, ಸಿಗ್ನಲ್. ಈ ಸಿಗ್ನಲ್ ತಂತಿಯನ್ನು ನಿಯಂತ್ರಕ ಒಂದು ರೋಧಕದ ಮೂಲಕ ಮೇಲಕ್ಕೆ ಹಿಡಿದಿಟ್ಟಿರುತ್ತದೆ, ಅಂದರೆ ಯಾರೂ ಮಾತಾಡದಾಗ ಅದರ ವೋಲ್ಟೇಜ್ ಎತ್ತರದಲ್ಲಿರುತ್ತದೆ. ನಿಯಂತ್ರಕ ಅದನ್ನು ಕ್ಷಣಕಾಲ ಕೆಳಗೆಳೆದರೆ ‘ಕೂಗು’ ಎಂದರ್ಥ. ಮರುದನಿ ಬಂದಾಗ ಸೆನ್ಸರ್ ಅದೇ ತಂತಿಯನ್ನು ಕೆಳಗೆಳೆದು ‘ಬಂತು’ ಎನ್ನುತ್ತದೆ. ನಡುವಿನ ಸಮಯವೇ ದೂರದ ಅಳತೆ. ಒಂದು ಸೆನ್ಸರ್ ಕೂಗಿದಾಗ ಪಕ್ಕದವೂ ಆಲಿಸಿ, ವಸ್ತು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ತಿಳಿಯಲು ನೆರವಾಗುತ್ತವೆ.

ದೋಷದ ತೀವ್ರತೆಯನ್ನು ಓಮ್‌ಗಳಲ್ಲಿ ಅಳೆದರೆ ಸಾಲದು, ಅದು ಯಾವ ತಂತಿಯಲ್ಲಿದೆ ಎಂದೂ ಕೇಳಬೇಕು ಎನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ. ಅರ್ಥ್ ತಂತಿಯಲ್ಲಿ ಇಡೀ ಪೆಟ್ಟಿಗೆಯನ್ನು ಮಲಗಿಸಿದ ಆ 50 ಓಮ್ ಸಿಗ್ನಲ್ ತಂತಿಯಲ್ಲಿ ಬಂದರೆ ಯಾರಿಗೂ ಗೊತ್ತೇ ಆಗದು, ಅಲ್ಲಿ ಹರಿಯುವ ಪ್ರವಾಹ ಅಷ್ಟು ಕಡಿಮೆ. ಈಗ ತಿರುಗಿಸಿ ನೋಡಿ. ಮಳೆನೀರು ಕಪ್ಲರಿಗೆ ಇಳಿದು ವಿದ್ಯುತ್ ಮತ್ತು ಅರ್ಥ್ ಪಿನ್‌ಗಳ ನಡುವೆ ಐದು ಸಾವಿರ ಓಮ್ ಸೋರಿಕೆ ಉಂಟಾಯಿತು ಎನ್ನೋಣ. ಎರಡೂವರೆ ಮಿಲಿಆಂಪಿಯರ್ ಪೋಲು, ಅಷ್ಟೇ. ಸದ್ಯಕ್ಕೆ ಸೆನ್ಸರಿನ ಕೆಲಸ ನಿಲ್ಲದು. ಅದೇ ಕೊಳಕು ನೀರು ಸಿಗ್ನಲ್ ಮತ್ತು ಅರ್ಥ್ ನಡುವೆ ಕೂತರೆ, ಕೆಲವು ಸಾವಿರ ಓಮ್‌ಗಳ ರೋಧಕದ ಮೂಲಕ ಮೇಲೆ ನಿಂತಿದ್ದ ತಂತಿ ಅರ್ಧಕ್ಕೆ ಜಾರುತ್ತದೆ. ಯಾರೋ ಸದಾ ಮಾತಾಡುತ್ತಿದ್ದಾರೆ ಎಂದು ನಿಯಂತ್ರಕಕ್ಕೆ ಭ್ರಮೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಜೂನ್‌ನಲ್ಲಿ ಬಂದು ಬಿಸಿಲು ಬಿದ್ದಾಗ ತಾನಾಗಿ ಮಾಯವಾಗುವ ದೋಷ ಕಂಡರೆ ಮೊದಲು ಈ ತಂತಿಯನ್ನೇ ಅನುಮಾನಿಸಬೇಕು. ಕಪ್ಲರ್ ಬಿಚ್ಚಿದರೆ ಪಿನ್‌ಗಳ ಮೇಲೆ ಹಸಿರು ಕಿಲುಬು ಸಾಕ್ಷಿಯಾಗಿ ಕೂತಿರುತ್ತದೆ.

ಸ್ಕ್ಯಾನರ್ ಹಾಕಿದರೆ ಸಿಗುವ ದೋಷಸಂಕೇತದ ಕೊನೆಗೆ ಅಂಟಿಕೊಂಡ ಎರಡು ಅಂಕಿಗಳನ್ನು ಓದಲು ಕಲಿತರೆ ಇದೆಲ್ಲ ಇನ್ನೂ ಬೇಗ ಬಿಡಿಸಿಕೊಳ್ಳುತ್ತದೆ. 11 ಎಂದರೆ ಅರ್ಥ್‌ಗೆ ಶಾರ್ಟ್, 12 ಬ್ಯಾಟರಿಗೆ ಶಾರ್ಟ್, 13 ತಂತಿ ತುಂಡು. ವಿಚಿತ್ರವಾದದ್ದು 15: ಬ್ಯಾಟರಿಗೆ ಶಾರ್ಟ್ ಆಗಿರಬಹುದು, ಅಥವಾ ತಂತಿ ತುಂಡಾಗಿರಬಹುದು. ಇಷ್ಟು ಬುದ್ಧಿವಂತ ಯಂತ್ರಕ್ಕೆ ಇವೆರಡರ ವ್ಯತ್ಯಾಸ ಗೊತ್ತಾಗದೆ ಎಂದು ನಗು ಬರಬಹುದು. ಆದರೆ ತಂತಿ ಮೇಲಕ್ಕೆ ಹಿಡಿದಿಟ್ಟದ್ದು ಎಂಬುದನ್ನು ನೆನೆಯಿರಿ. ಸೆನ್ಸರ್ ಕಳಚಿಹೋದರೆ ಕೆಳಗೆಳೆಯುವವರು ಯಾರೂ ಇಲ್ಲ, ತಂತಿ ಮೇಲೆಯೇ ನಿಲ್ಲುತ್ತದೆ. ಬ್ಯಾಟರಿಗೆ ತಾಗಿಕೊಂಡರೂ ಮೇಲೆಯೇ ನಿಲ್ಲುತ್ತದೆ. ನಿಯಂತ್ರಕ ಕೂತ ಜಾಗದಿಂದ ಎರಡೂ ಒಂದೇ ನೋಟ. ಚಾಲಕನನ್ನು ಕಾಡಿದ ಮೌನದ ಗೊಂದಲವೇ ಇಲ್ಲಿ ತಂತಿಯ ಮಟ್ಟದಲ್ಲಿ ಬಂದಿದೆ.

ಗೊಂದಲ ಬಿಡಿಸಲು ನಾವೇ ಕೈಹಾಕಿ ಪರಿಸ್ಥಿತಿಯನ್ನು ಬದಲಿಸಬೇಕು. ವೈರಿಂಗ್ ನಕ್ಷೆ ನೋಡಿ ಸಿಗ್ನಲ್ ಪಿನ್ ಯಾವುದೆಂದು ಖಾತ್ರಿ ಮಾಡಿಕೊಂಡು, ಸೆನ್ಸರಿನ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಆ ಪಿನ್ ಅರ್ಥ್‌ಗೆ ಎಷ್ಟು ವೋಲ್ಟ್ ತೋರಿಸುತ್ತದೆ ನೋಡಿ. ಬ್ಯಾಟರಿಗೆ ಶಾರ್ಟ್ ಆಗಿಲ್ಲವೆಂದು ಇದರಿಂದ ಖಾತ್ರಿಯಾದ ಮೇಲೆ ಅದನ್ನು ಅರ್ಥ್‌ಗೆ ತಾಗಿಸಿ ಸ್ಕ್ಯಾನರ್ ಮತ್ತೆ ಓದಿಸಿ. 15 ಇದ್ದದ್ದು 11 ಆಗಿ ಬದಲಾದರೆ ನೀವು ಮಾಡಿದ್ದು ನಿಯಂತ್ರಕಕ್ಕೆ ತಲುಪಿದೆ; ತಂತಿ ಸರಿ, ನಿಯಂತ್ರಕ ಸರಿ, ಇನ್ನು ಉಳಿದದ್ದು ಸೆನ್ಸರ್ ಅಥವಾ ಅದರ ಪಿನ್. ಬದಲಾಗದೆ 15ರಲ್ಲೇ ನಿಂತರೆ ಬಂಪರಿನಿಂದ ನಿಯಂತ್ರಕದವರೆಗಿನ ದಾರಿಯಲ್ಲಿ ಎಲ್ಲೋ ತುಂಡಾಗಿರಬಹುದು, ಇಲ್ಲವೇ ನಿಯಂತ್ರಕವೇ ಕೆಟ್ಟಿರಬಹುದು. ನಕ್ಷೆ ಸಿಗದವರಿಗೆ ಅದಲುಬದಲು ಇದೆ: ಸತ್ತ ಸೆನ್ಸರನ್ನು ಪಕ್ಕದ ಒಳ್ಳೆಯದರ ಜಾಗಕ್ಕೆ ಸಿಕ್ಕಿಸಿ. ದೋಷ ಸೆನ್ಸರಿನ ಜೊತೆ ಹೊರಟುಬಂದರೆ ಸೆನ್ಸರ್ ಕೆಟ್ಟಿದೆ, ಜಾಗದಲ್ಲೇ ಉಳಿದರೆ ತಂತಿ.

ತುಂಡು ಎಲ್ಲಿ? ಬಾಗಿ ಬಾಗಿ ದಣಿಯುವ ಜಾಗಗಳಲ್ಲಿ ಮೊದಲು ನೋಡಬೇಕು. ಡಿಕ್ಕಿಯ ಬಾಗಿಲಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ತಾಮ್ರದ ಎಳೆಗಳು ಹೊರಗಿನ ಪ್ಲಾಸ್ಟಿಕ್ ಗಟ್ಟಿಯಾಗಿರುವಾಗಲೇ ಒಳಗೆ ಕಡಿದಿರುತ್ತವೆ. ಎರಡನೆಯ ಶಂಕಿತ ಇಲಿ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಸವೆಸದೆ ವಿಧಿಯಿಲ್ಲ. ಮೂರನೆಯದು ಬಂಪರನ್ನು ಹಿಂದೊಮ್ಮೆ ಬಿಚ್ಚಿ ರಿಪೇರಿ ಮಾಡಿದಾಗ ಬ್ರಾಕೆಟ್‌ಗೂ ಬಾಡಿಗೂ ನಡುವೆ ಸಿಕ್ಕಿ ಜಜ್ಜಿದ ತಂತಿ. ಕಾರಿನ ಚರಿತ್ರೆ ಕೇಳದೆ ಮೀಟರ್ ತೆಗೆಯಬಾರದು.

ವಿದ್ಯುತ್ತಿಗೆ ಸಂಬಂಧವೇ ಇಲ್ಲದ ದೂರುಗಳೂ ಬರುತ್ತವೆ. ಹೊರಗಿನ ಕಿಟ್‌ನ ಸೆನ್ಸರಿನ ಬೆನ್ನ ಮೇಲೆ ಸಾಮಾನ್ಯವಾಗಿ ಬಾಣದ ಗುರುತು ಇರುತ್ತದೆ, ಅದು ಆಕಾಶ ನೋಡಬೇಕು. ಸೆನ್ಸರಿನ ನೋಟ ಅಡ್ಡಕ್ಕೆ ಅಗಲ, ಲಂಬಕ್ಕೆ ಕಿರಿದು. ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಅದು ನೆಲವನ್ನೇ ಗೋಡೆ ಎಂದುಕೊಂಡು ಬೊಬ್ಬಿಡುತ್ತದೆ. ಪಕ್ಕದಲ್ಲಿ ಬಸ್ಸಿನ ಏರ್‌ಬ್ರೇಕ್ ಬುಸ್ ಎಂದರೆ ಅದರಲ್ಲಿ ಶ್ರವಣಾತೀತ ಧ್ವನಿಯೂ ಇರುವುದರಿಂದ ಸೆನ್ಸರ್ ಬೆಚ್ಚುವುದುಂಟು. ಇಂಥವಕ್ಕೆ ವೈರಿಂಗ್ ಬಿಚ್ಚಿದರೆ ಹೊಸ ದೋಷ ಹುಟ್ಟೀತೇ ಹೊರತು ಹಳೆಯದು ಹೋಗದು.

ಸಾಗರದ ಕಾರಿಗೆ ಖರ್ಚಾದದ್ದು ಒಂದು ಉಂಗುರ ಟರ್ಮಿನಲ್, ಸ್ವಲ್ಪ ಉಪ್ಪುಕಾಗದ, ಮೇಲಿಂದ ಗ್ರೀಸ್. ಬಣ್ಣ ಕೆರೆದು ಬಿಗಿದ ಮೇಲೆ ಪೆಟ್ಟಿಗೆ ಓಡುತ್ತಿರುವಾಗಲೇ ಕಪ್ಪು ತಂತಿಯಿಂದ ಬ್ಯಾಟರಿಯ ಋಣ ತುದಿಗೆ ಅಳೆದರೆ 0.1 ವೋಲ್ಟ್‌ಗಿಂತ ಕಡಿಮೆ. ಅಷ್ಟಕ್ಕೆ ಬಿಡಲಿಲ್ಲ ಅವರು. ಒಂದು ಹಲಗೆಯನ್ನು ಟೇಪಿನ ಪಕ್ಕ ಹಿಡಿದು ನಾಲ್ಕೂ ಸೆನ್ಸರಿನ ಮುಂದೆ ಒಂದೊಂದಾಗಿ ಒಂದು ಮೀಟರಿಗೆ, ಅರ್ಧ ಮೀಟರಿಗೆ ನಿಲ್ಲಿಸಿ ಡಿಸ್‌ಪ್ಲೇ ನೋಡಿದರು, ಹಾಗೆ ನೋಡುತ್ತಿರುವಾಗಲೇ ಡಿಕ್ಕಿಯ ತಂತಿಕಟ್ಟನ್ನು ಇನ್ನೊಂದು ಕೈಯಲ್ಲಿ ಅಲ್ಲಾಡಿಸಿದರು. ಕೊನೆಗೆ ಬಂಪರಿನ ಕಪ್ಲರುಗಳಿಗೆ ಬರುವ ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟು, ಕಪ್ಲರಿಗಿಂತ ಕೆಳಗೆ ಒಂದು ಬಾಗು ಬರುವಂತೆ ಟೈ ಹಾಕಿ ಕಟ್ಟಿದರು. ಇನ್ನು ತಂತಿಗುಂಟ ಇಳಿದು ಬಂದ ನೀರು ಪಿನ್‌ಗಳತ್ತ ಹೋಗದೆ ಆ ಬಾಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ.